ಬಾಣಂತಿ ಮನೆಯ ಚಾವಡಿ ಟೈಲ್ಸ್ ತೆಗೆದದ್ದು

ಕೊಯಿಲದಿಂದ ಫೋನು ಬಂದಾಗ ನಾನು ಪುತ್ತೂರಿನ ಒಂದು ಮನೆಯಲ್ಲಿ ಅಡುಗೆಕೋಣೆಯ ಗೋಡೆಗೆ ಟೈಲ್ಸ್ ಕೂರಿಸುತ್ತಿದ್ದೆ. ಕೈಯಲ್ಲಿ ಸಿಮೆಂಟ್ ಇದ್ದ ಕಾರಣ ಜೊತೆಗಾರನೇ ಫೋನು ಹಿಡಿದು ನನ್ನ ಕಿವಿಗೆ ಇಟ್ಟ.

"ಮೇಸ್ತ್ರಿಗಳೇ, ನಮ್ಮ ಚಾವಡಿಯ ನೆಲ ಒಡೆದು ಮೇಲೆ ಬಂದಿದೆ. ಮೊನ್ನೆ ಮಧ್ಯಾಹ್ನ ಪಟಾಕಿ ಹೊಡೆದ ಹಾಗೆ ಶಬ್ದ ಆಯ್ತು. ಮನೆಯಲ್ಲಿ ಬಾಣಂತಿ ಉಂಟು, ಸಣ್ಣ ಮಗು ಉಂಟು. ನೀವು ಒಮ್ಮೆ ಬಂದು ನೋಡ್ಬೇಕು."

ಮಾತಾಡಿದವರು ಕೊಯಿಲದ ಒಬ್ಬರು ಹಾಜಿಯವರು. ಹಿಂದೊಮ್ಮೆ ಅವರ ಅಂಗಡಿಯ ನೆಲಕ್ಕೆ ನಾನು ಕೆಲಸ ಮಾಡಿದ್ದೆ. ಸಂಜೆ ಬೈಕಿನಲ್ಲಿ ನಾವಿಬ್ಬರೂ ಹೋದೆವು. ನನ್ನ ಊರು ಬೆಟ್ಟಂಪಾಡಿ, ಮನೆಮಾತು ತುಳು. ಜೊತೆಗಾರ ಬ್ಯಾರಿ ಭಾಷೆಯವನು, ನನ್ನದೇ ಪ್ರಾಯದವನು. ಗಲ್ಫಿನಲ್ಲಿ ಹಳೆಯ ಕಟ್ಟಡ ಬಿಚ್ಚುವ ಕೆಲಸ ಮಾಡಿ ಬಂದವನು. ಯಾವ ಮನೆಗೆ ಹೋದರೂ ಇಬ್ಬರಲ್ಲಿ ಒಬ್ಬರಿಗೆ ಅಲ್ಲಿಯ ಭಾಷೆ ಬರುತ್ತದೆ. ಅದೊಂದು ಅನುಕೂಲ.

ಚಾವಡಿಯ ನಡುವೆ ಟೈಲ್ಸಿನ ಎರಡು ಸಾಲು ಒಂದಕ್ಕೊಂದು ತಲೆ ಕೊಟ್ಟು ಮನೆಯ ಮಾಡಿನ ಹಾಗೆ ನಿಂತಿದ್ದವು. ಹಾಜಿಯವರ ಹೆಂಡತಿ ಅದರ ಮೇಲೆ ಚಾಪೆ ಹಾಸಿ ಸುತ್ತ ಕುರ್ಚಿ ಇಟ್ಟಿದ್ದರು. ಹಾಗಾಗಿದ್ದು ಯಾಕೆ ಎಂದು ನೋಡಿದ ಕೂಡಲೇ ಗೊತ್ತಾಯಿತು. ಹಾಕಿದವರು ನಡುವೆ ಸಂದು ಬಿಡದೆ, ಗೋಡೆಯ ಬುಡದಲ್ಲೂ ಜಾಗ ಬಿಡದೆ ಒತ್ತಿ ಒತ್ತಿ ಕೂರಿಸಿದ್ದರು. ಆಗೆಲ್ಲ ಹಾಗೆ ಮಾಡಿದರೇ ಚಂದ ಅಂತ ಲೆಕ್ಕ. ಬೇಸಗೆಯಲ್ಲಿ ನೆಲ ಕಾದು ಹಿಗ್ಗುತ್ತದೆ. ಹೋಗಲು ಜಾಗ ಇಲ್ಲದಿದ್ದರೆ ಎಲ್ಲಿ ಹಿಡಿತ ಕಡಿಮೆಯೋ ಅಲ್ಲಿ ಎದ್ದು ಬಿಡುತ್ತದೆ. ಒಡೆದ ಅಂಚು ಗಾಜಿನ ಹಾಗೆ ಹರಿತ ಇತ್ತು.

"ಎಲ್ಲಾ ತೆಗೆದು ಹೊಸತು ಹಾಕಿ ಬಿಡಿ ಮಾರಾಯ್ರೆ," ಹಾಜಿಯವರು ಹೇಳಿದರು. "ಮಗಳ ಹೆರಿಗೆಯ ನಲ್ವತ್ತನೇ ದಿನದ ಕಾರ್ಯಕ್ರಮ ಹತ್ತಿರ ಬಂತು. ಸುಳ್ಯದಿಂದ ಅಳಿಯನ ಕಡೆಯವರು ಎಲ್ಲ ಬರ್ತಾರೆ. ಅಷ್ಟರೊಳಗೆ ಆಗ್ಬೇಕು."

ಅದು ಕಷ್ಟದ ಕೆಲಸ ಆಗಿರಲಿಲ್ಲ. ಕಷ್ಟ ಇದ್ದದ್ದು ಚಾವಡಿಗೆ ಬಾಗಿಲು ಇದ್ದ ಕೋಣೆಯಲ್ಲಿ. ಮಗಳು ಮಗು ಜೊತೆ ಅಲ್ಲಿದ್ದಳು. ಮಗು ದಿನ ತುಂಬುವ ಮೊದಲೇ ಹುಟ್ಟಿದ್ದಂತೆ. ಮಂಗಳೂರಿನ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಉಸಿರಾಟಕ್ಕೆ ನಳಿಗೆ ಹಾಕಿ, ಅಂತೂ ಉಳಿಸಿಕೊಂಡು ಮನೆಗೆ ತಂದು ಹೆಚ್ಚು ದಿನ ಆಗಿರಲಿಲ್ಲ. ಹೊಗೆ, ಧೂಳು, ಕೆಮ್ಮು ಇರುವವರು, ಯಾವುದೂ ಹತ್ತಿರ ಬರಬಾರದು ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಅದಕ್ಕಾಗಿ ಬಚ್ಚಲಿನ ಒಲೆಗೆ ಬೆಂಕಿ ಹಾಕುವುದನ್ನೂ ನಿಲ್ಲಿಸಿ ಗೀಸರಿನ ಬಿಸಿನೀರಿನಲ್ಲೇ ಸ್ನಾನ.

"ಸ್ವಲ್ಪ ದಿನಕ್ಕೆ ಅಳಿಯನ ಮನೆಗೆ ಕಳಿಸ್ಲಿಕ್ಕೆ ಆಗುದಿಲ್ವಾ?" ನಾನು ಕೇಳಿದೆ.

"ಅಲ್ಲಿ ಎಲ್ಲರಿಗೂ ಜ್ವರ, ಕೆಮ್ಮು," ಹಾಜಿಯವರ ಹೆಂಡತಿ ಅಡುಗೆಕೋಣೆಯ ಬಾಗಿಲಿನಿಂದ ಹೇಳಿದರು. ಅವರನ್ನು ಜೊತೆಗಾರ ಉಮ್ಮ, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದ, ನಾನೂ ಹಾಗೇ ಕರೆದೆ. "ಹಾಗೇ ಬಿಡ್ಲಿಕ್ಕೂ ಆಗುದಿಲ್ಲ. ರಾತ್ರಿ ಮಗು ಎತ್ತಿಕೊಂಡು ನಾನು ಇದರ ಮೇಲೇ ನಡೀಬೇಕಲ್ಲ. ನಿನ್ನೆ ಒಮ್ಮೆ ಎಡವಿದೆ."

ಅವರ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಮಗು ಕೈಯಲ್ಲಿರುವಾಗ ಎಡವಿದ್ದರೋ ಇಲ್ಲವೋ ಎಂದು ನಾನು ಕೇಳಲಿಲ್ಲ.

ಮಾರನೇ ದಿನ ಬೆಳಿಗ್ಗೆ ಮೊದಲು ಕೋಣೆಗೆ ಬೇರೆ ದಾರಿ ಮಾಡಿದೆವು. ಬಾಣಂತಿ ಕೋಣೆಗೆ ಬದಿಯ ಜಗಲಿಯ ಕಡೆಗೆ ಒಂದು ಬಾಗಿಲು ಇತ್ತು, ಅದರ ಎದುರು ಕಪಾಟು ನಿಲ್ಲಿಸಿ ಎಷ್ಟೋ ವರ್ಷ ಆಗಿತ್ತು. ಮಗಳು ಮಗುವನ್ನು ಎತ್ತಿಕೊಂಡು ಜಗಲಿಯ ಆಚೆ ತುದಿಗೆ ಹೋದ ಮೇಲೆ ನಾವು ಕಪಾಟು ಸರಿಸಿ, ಆ ಬಾಗಿಲಿಗೆ ಎಣ್ಣೆ ಬಿಟ್ಟು ತೆರೆದೆವು. ಇನ್ನು ಊಟ, ಬಟ್ಟೆ, ಎಲ್ಲ ಅಂಗಳದಿಂದ ಸುತ್ತು ಬಳಸಿ ಹೋಗಬೇಕು. ಚಾವಡಿ ಕಡೆಯ ಬಾಗಿಲು ಮುಚ್ಚಿ ಅದಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಸುತ್ತ ಟೇಪ್ ಅಂಟಿಸಿ, ಬುಡಕ್ಕೆ ಒದ್ದೆ ಗೋಣಿ ತುರುಕಿದೆವು. ಅಡುಗೆಕೋಣೆಯ ಬಾಗಿಲಿಗೂ ಹಾಗೇ. ಕಿಟಕಿಯ ಎದುರು ದೊಡ್ಡ ಫ್ಯಾನೊಂದನ್ನು ಹೊರಗೆ ಮುಖ ಮಾಡಿ ಇಟ್ಟು, ಒಳಗಿನ ಗಾಳಿ ತೋಟದ ಕಡೆಗೆ ಹೋಗುವ ಹಾಗೆ ಮಾಡಿದೆವು. ಅದಕ್ಕೆ ಕರೆಂಟು ಅಡುಗೆಕೋಣೆಯಿಂದ ಕಿಟಕಿ ಹೊರಗಾಗಿ ಉದ್ದದ ವಯರಿನಲ್ಲಿ ತಂದದ್ದು. ಚಾವಡಿಯ ಲೈನನ್ನು ಮೀಟರ್ ಬೋರ್ಡಿನಲ್ಲಿ ಆಫ್ ಮಾಡಿದೆ. ಹಳೆಯ ಮನೆಗಳಲ್ಲಿ ನೆಲದಡಿ ವಯರು ಹೋಗಿರುತ್ತದೆ, ನಂಬುವ ಹಾಗಿಲ್ಲ. ಟೆಸ್ಟರ್ ಇಟ್ಟು ಪ್ಲಗ್ಗುಗಳನ್ನೆಲ್ಲ ನೋಡಿದೆ, ಯಾವುದರಲ್ಲೂ ಬೆಳಕು ಬರಲಿಲ್ಲ.

ಕನ್ನಡಕ, ಮೂಗಿಗೆ ಗಟ್ಟಿ ಮಾಸ್ಕ್, ಕೈಗವಸು, ಮೊಣಕಾಲಿಗೆ ರಬ್ಬರು ಪಟ್ಟಿ, ಶೂ. ಬೇಸಗೆಯಲ್ಲಿ ಇಷ್ಟು ಹಾಕಿಕೊಂಡರೆ ಅರ್ಧ ಜೀವ ಹೋಗುತ್ತದೆ. ಜೊತೆಗಾರ ಮಾತ್ರ ಅದನ್ನು ಯಾವತ್ತೂ ತಪ್ಪಿಸುವುದಿಲ್ಲ. ಗಲ್ಫಿನಲ್ಲಿ ಅವನ ರೂಮಿನಲ್ಲಿದ್ದ ಒಬ್ಬ ಕಲ್ಲಿನ ಧೂಳು ಕುಡಿದೂ ಕುಡಿದೂ ಮೆಟ್ಟಿಲು ಹತ್ತಲಾಗದೆ ಊರಿಗೆ ಹೋದದ್ದನ್ನು ಅವನು ನೋಡಿದ್ದ.

ಮೊದಲು ಎದ್ದು ನಿಂತ ಟೈಲ್ಸುಗಳನ್ನು ಕೈಯಲ್ಲೇ ಎತ್ತಿದೆವು. ಅವು ಸುಲಭ. ಅದರ ಬದಿಯದ್ದಕ್ಕೆ ನಾನು ಸಣ್ಣ ಬ್ರೇಕರ್ ಮೆಷಿನ್ ಇಟ್ಟೆ. ಕೆಲಸ ಬೇಗ ಸಾಗಿತು. ಫ್ಯಾನು ಧೂಳನ್ನು ಎಳೆದು ಹೊರಗೆ ಹಾಕುತ್ತಿದ್ದದ್ದು ಕಣ್ಣಿಗೆ ಕಾಣುತ್ತಿತ್ತು. ಎಲ್ಲ ಸರಿ ಹೋಗುತ್ತಾ ಉಂಟು ಅಂತಲೇ ನಾನು ತಿಳಿದಿದ್ದೆ.

ಆಗ ಹಾಜಿಯವರು ಹೊರಗಿನಿಂದ ಕಿಟಕಿಗೆ ಬಡಿದರು. ಮೆಷಿನ್ ನಿಲ್ಲಿಸಿದೆ. ಅವರು ತಮ್ಮ ಮೊಬೈಲನ್ನು ಕಿಟಕಿಯ ಸರಳಿನ ಹತ್ತಿರ ಹಿಡಿದರು. ಒಳಗಿನ ಕೋಣೆಯಿಂದ ಮಗಳೇ ಮಾತಾಡುತ್ತಿದ್ದಳು.

"ಅಣ್ಣ, ಇಲ್ಲಿ ಸೊಳ್ಳೆಪರದೆ ಮೇಲೆ ಬಿಳಿ ಬಿಳಿ ಕೂತಿದೆ. ಕೈಯಲ್ಲಿ ಮುಟ್ಟಿದ್ರೆ ಹಿಟ್ಟಿನ ಹಾಗೆ ಬರ್ತಾ ಉಂಟು."

ನಾನು ಕಿಟಕಿಯ ಸರಳಿಗೆ ಮುಖ ತಂದೆ. "ಮಗು ಎಲ್ಲಿದೆ?"

"ಪರದೆ ಒಳಗೆ. ನಾನು ಎತ್ತಿಕೊಂಡು ಜಗಲಿಗೆ ಹೋಗ್ತೇನೆ. ನೀವು ಮೇಲೆ ನೋಡಿ, ಬಾಗಿಲಿನ ಮೇಲೆ."

ಬಾಗಿಲಿನ ಮೇಲೆ ಗಾಳಿಗೆಂದು ಬಿಟ್ಟ ಸಿಮೆಂಟಿನ ಜಾಲಿ ಇತ್ತು. ಚಾವಡಿಯ ಕಡೆಯಿಂದ ಅದರ ಎದುರಿಗೆ ಮಕ್ಕಾದ ಚಿತ್ರವಿರುವ ದೊಡ್ಡ ಚೌಕಟ್ಟು ತೂಗುಹಾಕಿದ್ದರು. ನಮ್ಮ ಕಣ್ಣಿಗೆ ಅದು ಗೋಡೆ. ಚೌಕಟ್ಟಿನ ಹಿಂದಿನಿಂದ ಧೂಳು ಆರಾಮವಾಗಿ ಒಳಗೆ ಹೋಗಿತ್ತು. ಒಳಗೆ ಮಲಗಿದವಳಿಗೆ ಅದು ಕಂಡಿತು.

ಚೌಕಟ್ಟನ್ನು ಜೊತೆಗಾರ ಬಟ್ಟೆಯಲ್ಲಿ ಸುತ್ತಿ ತೆಗೆದು ಹಾಜಿಯವರ ಕೈಗೆ ಕೊಟ್ಟ. ಜಾಲಿಗೂ ಎರಡು ಪದರ ಹಾಳೆ ಹೊದಿಸಿದೆವು. ಉಮ್ಮ ಕೋಣೆಯ ನೆಲ, ಮಂಚ, ಕಿಟಕಿ ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಸೊಳ್ಳೆಪರದೆ ಬದಲಿಸಿದರು. ಅಷ್ಟಾಗುವಾಗ ಮಧ್ಯಾಹ್ನ ದಾಟಿತ್ತು. ಮಗು ಎರಡು ಸಲ ಸೀನಿತು ಅಂತ ಹಾಜಿಯವರು ಬಂದು ಹೇಳಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ನಾನು ಬ್ರೇಕರನ್ನು ಕಟ್ಟಿ ಗೋಣಿಗೆ ಹಾಕಿದೆ. ಇನ್ನು ಉಳಿ, ಸುತ್ತಿಗೆ, ನೀರು. ಗಿಡಕ್ಕೆ ಔಷಧಿ ಹೊಡೆಯುವ ಹೊಸ ಕೈಪಂಪೊಂದು ಅವರ ಅಂಗಡಿಯಲ್ಲೇ ಸಿಕ್ಕಿತು. ಅದರಲ್ಲಿ ಸಣ್ಣಗೆ ಮಂಜಿನ ಹಾಗೆ ನೀರು ಸಿಂಪಡಿಸಿ, ಸಂದು ಒದ್ದೆ ಮಾಡಿ, ಉಳಿಯನ್ನು ಆದಷ್ಟು ಮಲಗಿಸಿ ಟೈಲ್ಸಿನ ಅಡಿಗೆ ಹೊಡೆಯಬೇಕು. ನೆಟ್ಟಗೆ ಹಿಡಿದರೆ ಚೂರು ಹಾರುತ್ತದೆ. ಮಲಗಿಸಿದರೆ ಇಡೀ ತುಂಡು ಏಳುತ್ತದೆ. ನಿಧಾನ, ಆದರೆ ಧೂಳು ಏಳುವುದಿಲ್ಲ. ಕೆಸರಿನ ಹಾಗೆ ಕೂತುಕೊಳ್ಳುತ್ತದೆ.

ಇದು ಸರಿಹೋಯಿತು ಅಂತ ಸಮಾಧಾನವಾಗಿ ಸ್ವಲ್ಪ ಹೊತ್ತು ಆಗಿತ್ತಷ್ಟೆ. ಬಚ್ಚಲು ಇದ್ದ ಗೋಡೆಯ ಕಡೆಗೆ ಮೊಣಕಾಲೂರಿ ಕೂತಿದ್ದ ಜೊತೆಗಾರ "ಹೇ" ಎಂದು ಉಳಿಯನ್ನು ಬಿಸಾಡಿ ಹಿಂದಕ್ಕೆ ಬಿದ್ದ.

"ಎಂತ ಆಯ್ತು ಮಾರಾಯ?"

"ಕೈ ಜುಂ ಅಂತು. ಕರೆಂಟು ಉಂಟು. ನೀನು ಮುಟ್ಬೇಡ."

ಲೈನು ಆಫ್ ಮಾಡಿದವನು ನಾನೇ. ಟೆಸ್ಟರ್ ಇಟ್ಟು ನೋಡಿದವನೂ ನಾನೇ. ಶೂವಿನಲ್ಲಿ ನಿಂತುಕೊಂಡು ಟೆಸ್ಟರನ್ನು ಅವನ ಉಳಿ ತಾಗಿದ ಜಾಗದ ಒದ್ದೆ ಗಾರೆಗೆ ಮುಟ್ಟಿಸಿದೆ. ಮಂದವಾಗಿ ಬೆಳಕು ಬಂತು. ನಾನು ಕಿಟಕಿಯಿಂದ "ಮೈನ್ ಆಫ್ ಮಾಡಿ ಹಾಜಿಯವರೇ, ಇಡೀ ಮನೆಯದ್ದು" ಎಂದು ಕೂಗಿದೆ. ಫ್ಯಾನು ನಿಂತಿತು. ಆ ಮೌನದಲ್ಲಿ ನಾವಿಬ್ಬರೂ ಅಂಗಳಕ್ಕೆ ಬಂದು ಮಾಸ್ಕ್ ತೆಗೆದೆವು. ಅವನ ತುಟಿ ಬೆಳ್ಳಗಾಗಿತ್ತು. ಕೈಗವಸು ಒದ್ದೆಯಾಗಿತ್ತು, ಆದರೆ ಶೂ ಮತ್ತು ಮೊಣಕಾಲಿನ ರಬ್ಬರು ಒಣಗಿತ್ತು. ಅದೇ ಅವನನ್ನು ಕಾಯ್ದದ್ದು.

ಅವನು ಒಂದು ಚೆಂಬು ನೀರು ಕುಡಿದು ಹೇಳಿದ, "ಬೆಳಿಗ್ಗೆಯಿಂದ ಇಲ್ಲದ್ದು ಈಗ ಎಲ್ಲಿಂದ ಬಂತು?"

ಉತ್ತರ ಕೊಟ್ಟವರು ಉಮ್ಮ. ಅಡುಗೆಕೋಣೆಯಿಂದ ಬಂದು, "ಮೈನ್ ಯಾಕೆ ತೆಗೆದ್ರಿ? ಮಗಳ ಸ್ನಾನಕ್ಕೆ ಈಗಷ್ಟೇ ಗೀಸರ್ ಹಾಕಿದ್ದೆ," ಎಂದರು.

ಗೀಸರಿನ ಸ್ವಿಚ್ಚು ಅಡುಗೆಕೋಣೆಯಲ್ಲಿತ್ತು. ಗೀಸರ್ ಇದ್ದದ್ದು ಚಾವಡಿಯ ಆಚೆ, ಬಾಣಂತಿ ಕೋಣೆಯ ಬಚ್ಚಲಿನಲ್ಲಿ. ನಡುವಿನ ದಾರಿ ನಮ್ಮ ಕಾಲಡಿಯಲ್ಲಿ. ಸ್ವಿಚ್ಚು ಹಾಕಿದಾಗ ಮಾತ್ರ ಆ ವಯರಿಗೆ ಜೀವ ಬರುತ್ತದೆ. ಬೆಳಿಗ್ಗೆ ನಾನು ಎಷ್ಟು ಹುಡುಕಿದರೂ ಅದು ಸಿಗುವ ಹಾಗಿರಲಿಲ್ಲ.

ಹಾಜಿಯವರು ಜಗಲಿಯಲ್ಲಿ ಕೂತು ತಲೆಯ ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. "ಟೈಲ್ಸ್ ಹಾಕುವಾಗಲೇ ಆ ಲೈನ್ ಎಳೆದದ್ದು. ನನಗೆ ನೆನಪೇ ಇರ್ಲಿಲ್ಲ. ನಾವೆಲ್ಲ ಬರಿಗಾಲಲ್ಲಿ ಇದರ ಮೇಲೆ ನಡೀತಾ ಇದ್ದದ್ದು."

ಸಂಜೆ ರಾಮಕುಂಜದಿಂದ ಎಲೆಕ್ಟ್ರಿಷಿಯನ್ ಬಂದರು. ನಡುಪ್ರಾಯದ, ಕಡಿಮೆ ಮಾತಿನ ಮನುಷ್ಯ. ಗೀಸರಿನ ಲೈನನ್ನು ಎರಡೂ ತುದಿಯಲ್ಲಿ ಕಳಚಿ, ತುದಿಗೆ ಟೇಪ್ ಸುತ್ತಿ, ಬೇರೆ ಯಾವ ಲೈನೂ ನೆಲದಲ್ಲಿ ಇಲ್ಲ ಎಂದು ಒಂದೊಂದೇ ಸ್ವಿಚ್ಚು ಹಾಕಿಸಿ ನೋಡಿದರು. ಕೋಣೆಯ ಫ್ಯಾನು, ಲೈಟಿನದ್ದು ಗೋಡೆಯ ಮೇಲಿನಿಂದ ಹೋಗಿತ್ತು. ಆ ಲೈನನ್ನು ಪುನಃ ಚಾಲು ಮಾಡಿದರು. ಸೆಕೆಯಲ್ಲಿ ಮಗು ಬೆವರುತ್ತಿದ್ದ ಕಾರಣ ಫ್ಯಾನು ತಿರುಗಿದಾಗ ಒಳಗಿನಿಂದ "ಬಂತು, ಬಂತು" ಎಂದು ಮಗಳ ಸ್ವರ ಕೇಳಿಸಿತು.

ಆ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ಅರ್ಧ ಕಿತ್ತ ನೆಲ, ಒದ್ದೆ ಗಾರೆ, ಬಾಗಿಲಿನ ಆಚೆ ಆ ಮಗು. ಕೆಲಸ ಬಿಟ್ಟು ಬರಲೂ ಆಗುವುದಿಲ್ಲ, ಇಡೀ ಚಾವಡಿ ಕೀಳುವುದಿದ್ದರೆ ಇನ್ನೂ ಎಷ್ಟು ದಿನ ಆ ಹಾಳೆಗಳ ಮೇಲೆ ಭಾರ ಹಾಕಬೇಕೋ.

ಬೆಳಿಗ್ಗೆ ಹೋದವನೇ ಉಪಕರಣ ಮುಟ್ಟಲಿಲ್ಲ. ಸುತ್ತಿಗೆಯ ಮರದ ಹಿಡಿಯಿಂದ ಉಳಿದ ಟೈಲ್ಸುಗಳನ್ನು ಒಂದೊಂದಾಗಿ ತಟ್ಟುತ್ತಾ ಹೋದೆ. ಗಟ್ಟಿ ಇದ್ದದ್ದು ಟಕ್ ಅನ್ನುತ್ತದೆ. ಅಡಿಯಲ್ಲಿ ಪೊಳ್ಳು ಇದ್ದರೆ ಮಡಕೆ ತಟ್ಟಿದ ಹಾಗೆ ಡಬ್ ಅನ್ನುತ್ತದೆ. ಪೊಳ್ಳು ಇದ್ದದ್ದಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಮುಗಿಸಿ ಎದ್ದು ನೋಡಿದರೆ ಗುರುತು ಬಿದ್ದದ್ದು ನಡುವಿನ ಪಟ್ಟಿಗೆ ಮತ್ತು ಬಚ್ಚಲಿನ ಗೋಡೆಯ ಬದಿಗೆ ಮಾತ್ರ. ಅರ್ಧಕ್ಕಿಂತ ಹೆಚ್ಚು ನೆಲ ಗಟ್ಟಿಯಾಗಿ ಕೂತಿತ್ತು.

ಹಾಜಿಯವರನ್ನು ಕಿಟಕಿಗೆ ಕರೆದೆ. "ಗಟ್ಟಿ ಇರುವುದನ್ನು ಈಗ ಮುಟ್ಟುದು ಬೇಡ. ಅದನ್ನು ಕೀಳ್ಬೇಕಾದ್ರೆ ಮೆಷಿನೇ ಬೇಕು, ಧೂಳು ತಪ್ಪುದಿಲ್ಲ. ಪೊಳ್ಳು ಇರುವುದನ್ನು ಮಾತ್ರ ಕೈಯಲ್ಲಿ ತೆಗೆದು, ಆ ಜಾಗಕ್ಕೆ ಸಿಮೆಂಟ್ ಹಾಕಿ ಸಮ ಮಾಡ್ತೇವೆ. ಗೋಡೆಯ ಬುಡದಲ್ಲಿ ಸಂದು ಬಿಡಿಸಿದ್ರೆ ಉಳಿದದ್ದು ಏಳುದಿಲ್ಲ. ಹೊಸ ಟೈಲ್ಸ್ ಮಗು ದೊಡ್ಡದಾದ ಮೇಲೆ."

"ನೆಂಟರು ಬರುವಾಗ ಚಾವಡಿ ಹೀಗೆ ತೇಪೆ ಹಾಕಿದ ಹಾಗೆ ಇರ್ಬೇಕಾ?" ಅವರ ಮುಖ ಸಣ್ಣಗಾಯಿತು. "ಅಳಿಯನ ಕಡೆಯವರು ಎಂತ ಹೇಳ್ಲಿಕ್ಕಿಲ್ಲ?"

ಜೊತೆಗಾರನೂ ನನ್ನನ್ನು ಬದಿಗೆ ಕರೆದು, "ಅರ್ಧ ಕೆಲಸ ಮಾಡಿ ಹೋದ್ರು ಅಂತ ನಮ್ಮ ಹೆಸರು ಹೋಗುದಿಲ್ವಾ?" ಎಂದ. ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ಕೆಲಸದಲ್ಲಿ ಜನ ನೋಡುವುದು ನೆಲವನ್ನು.

"ಹೋಗ್ಲಿ," ಅಂದೆ. "ಇಲ್ಲಿ ಮೆಷಿನ್ ಇನ್ನು ಚಾಲು ಮಾಡ್ಲಿಕ್ಕೆ ನನಗೆ ಧೈರ್ಯ ಇಲ್ಲ."

ಜಗಲಿಯ ಬಾಗಿಲಿನ ಹಿಂದಿನಿಂದ ಮಗಳು ಬ್ಯಾರಿಯಲ್ಲಿ ಏನೋ ಹೇಳಿದಳು. ಹಾಜಿಯವರು ಅತ್ತ ಹೋದರು. ಅಪ್ಪ ಮಗಳು ಸ್ವಲ್ಪ ಹೊತ್ತು ಮಾತಾಡಿದರು. ಜೊತೆಗಾರ ಅದನ್ನು ಕೇಳುತ್ತಾ ಮೆಲ್ಲ ನಕ್ಕ.

"ಎಂತ ಹೇಳ್ತಾಳೆ?"

"ಉಪ್ಪ, ಬರುವವರು ನೆಲ ನೋಡ್ಲಿಕ್ಕೆ ಬರುದಾ, ಮಗು ನೋಡ್ಲಿಕ್ಕೆ ಬರುದಾ, ಅಂತ ಕೇಳ್ತಾ ಇದ್ದಾಳೆ."

ಹಾಜಿಯವರು ತಿರುಗಿ ಬಂದು, "ನೀವು ಹೇಳಿದ ಹಾಗೇ ಮಾಡಿ ಮೇಸ್ತ್ರಿಗಳೇ," ಎಂದು ಅಂಗಡಿಗೆ ಹೋದರು.

ಆಮೇಲಿನ ಕೆಲಸ ನಿಧಾನವಾಗಿ, ಗಲಾಟೆ ಇಲ್ಲದೆ ನಡೆಯಿತು. ಮಗು ಮಲಗಿದಾಗ ಮಗಳು ತಾಯಿಗೆ ಹೇಳುತ್ತಿದ್ದಳು, ಉಮ್ಮ ಬಂದು ನಮಗೆ ಕೈ ಸನ್ನೆ ಮಾಡುತ್ತಿದ್ದರು. ಆಗ ನಾವು ಸುತ್ತಿಗೆ ಇಟ್ಟು ಕೈಯಲ್ಲಿ ಎತ್ತುವುದನ್ನು ಎತ್ತುತ್ತಿದ್ದೆವು. ತುಂಡುಗಳನ್ನು ಸಿಮೆಂಟ್ ಚೀಲಕ್ಕೆ ಅರ್ಧದಷ್ಟೇ ತುಂಬಿದೆವು. ತುಂಬಿಸಿದರೆ ಹರಿತದ ಅಂಚು ಚೀಲ ಸೀಳಿ ಕಾಲಿಗೆ ಬೀಳುತ್ತದೆ. ಪೊರಕೆ ಮುಟ್ಟಲೇ ಇಲ್ಲ. ಕೆಸರನ್ನು ತಗಡಿನಲ್ಲಿ ಬಳಿದು, ಮೇಲೆ ಒದ್ದೆ ಬಟ್ಟೆ ಎಳೆದೆವು. ಸಂಜೆ ಹೊರಡುವ ಮೊದಲು ಅಂಗಳದ ನಲ್ಲಿಯಲ್ಲಿ ತಲೆಯಿಂದ ಕಾಲಿನವರೆಗೆ ತೊಳೆದುಕೊಂಡು ಬೇರೆ ಬಟ್ಟೆ ಹಾಕಿದ ಮೇಲೆಯೇ ಜಗಲಿಗೆ ಕಾಲಿಟ್ಟದ್ದು. ಉಮ್ಮ ಅವಲಕ್ಕಿ ಮತ್ತು ಚಹಾ ಇಟ್ಟುಕೊಂಡು ಕಾಯುತ್ತಿದ್ದರು. ಬಾಣಂತಿಯ ಬಿಸಿನೀರು ಈಗ ಗ್ಯಾಸಿನಲ್ಲಿ ಕಾಯುತ್ತಿತ್ತು. ಅದನ್ನು ಹಾಜಿಯವರೇ ಬಕೆಟಿನಲ್ಲಿ ಅಂಗಳ ಸುತ್ತಿ ಹೊತ್ತುಕೊಂಡು ಹೋಗುತ್ತಿದ್ದರು.

ಬಚ್ಚಲಿನ ಬದಿಯ ಪಟ್ಟಿಯನ್ನು ಕೊನೆಗೆ ಇಟ್ಟುಕೊಂಡಿದ್ದೆವು. ಲೈನು ಕಳಚಿದ್ದರೂ ಎಲೆಕ್ಟ್ರಿಷಿಯನ್ ಬಂದು ಇನ್ನೊಮ್ಮೆ ಟೆಸ್ಟರ್ ಇಟ್ಟ ಮೇಲೆಯೇ ಅಲ್ಲಿಗೆ ಕೈ ಹಾಕಿದೆವು. ಟೈಲ್ಸ್ ಎತ್ತಿದಾಗ ವಯರು ಕಂಡಿತು. ಅದಕ್ಕೆ ಪೈಪೇ ಇರಲಿಲ್ಲ. ಬರೀ ವಯರನ್ನು ಗಾರೆಯಲ್ಲಿ ಹೂತಿದ್ದರು. ಒಂದು ಕಡೆ ಹೊದಿಕೆ ಬಿರುಕು ಬಿಟ್ಟು ಒಳಗಿನ ತಾಮ್ರ ಹಸಿರುಗಟ್ಟಿತ್ತು. ಎಲೆಕ್ಟ್ರಿಷಿಯನ್ ಕೂತುಕೊಂಡು ಅದನ್ನು ಬೆರಳಲ್ಲಿ ತಿರುಗಿಸಿ ನೋಡಿದರು.

"ನಿಮ್ಮ ಉಳಿಯಿಂದ ಆದದ್ದಲ್ಲ. ಹಳೆಯದು," ಎಂದರು. "ಮಳೆಗಾಲಕ್ಕೆ ಈ ಗೋಡೆ ಒದ್ದೆ ಆಗ್ತದಾ?"

"ಆಗ್ತದೆ, ಪ್ರತಿ ವರ್ಷ," ಎಂದರು ಉಮ್ಮ.

ಎಲೆಕ್ಟ್ರಿಷಿಯನ್ ಆ ಬಿರುಕನ್ನು ತೋರಿಸಿ, "ಇಲ್ಲಿಗೆ ನೀರು ತಾಗಿದ್ರೆ ಇಡೀ ನೆಲಕ್ಕೆ ಕರೆಂಟು," ಎಂದರು. ಉಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಗೋಡೆಗೆ ಒರಗಿದರು. ಬರುವ ಮಳೆಗಾಲದಲ್ಲಿ ಆ ಮಗು ಆ ನೆಲದ ಮೇಲೆ ಹೊರಳಾಡುವ ಹೊತ್ತಾಗಿರುತ್ತಿತ್ತು. ನಮ್ಮೆಲ್ಲರ ತಲೆಯಲ್ಲಿ ಅದೇ ಇತ್ತು ಎಂದು ಕಾಣುತ್ತದೆ, ಯಾಕೆಂದರೆ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ವಯರನ್ನು ಇಡೀ ಎಳೆದು ತೆಗೆದರು. ಹೊಸ ಲೈನು ಗೋಡೆಯ ಮೇಲೆ ಪ್ಲಾಸ್ಟಿಕ್ ಪಟ್ಟಿಯೊಳಗೆ ಹೋಯಿತು. ಮೀಟರ್ ಬೋರ್ಡಿಗೆ, ಎಲ್ಲಿಯಾದರೂ ಕರೆಂಟು ಸೋರಿದರೆ ತಾನೇ ಕಟ್ಟಾಗುವ ಒಂದು ಸ್ವಿಚ್ಚನ್ನೂ ಕೂರಿಸಿದರು. ನಾವು ಕಿತ್ತ ಜಾಗಕ್ಕೆ ಸಿಮೆಂಟ್ ಹಾಕಿ, ಮಟ್ಟ ನೋಡಿ, ಉಳಿದ ಟೈಲ್ಸಿನ ಸಮಕ್ಕೆ ತಂದೆವು. ಗೋಡೆಯ ಬುಡದಲ್ಲಿ ಸಂದು ಬಿಡಿಸಿ ಮೆತ್ತಗಿನ ಅಂಟು ತುಂಬಿಸಿದೆವು. ಬೆರಳು ಎಳೆದರೆ ಎಲ್ಲೂ ತಡೆಯುತ್ತಿರಲಿಲ್ಲ. ಸಿಮೆಂಟ್ ಹಸಿ ಇರುವಷ್ಟು ದಿನ ಯಾರೂ ಚಾವಡಿಗೆ ಬರಲಿಲ್ಲ.

ಹಾಳೆಗಳನ್ನು ಬಿಚ್ಚುವ ದಿನ ಅವುಗಳನ್ನು ಮೊದಲು ಒದ್ದೆ ಮಾಡಿ, ಧೂಳಿನ ಬದಿ ಮಡಿಕೆಯ ಒಳಗೆ ಉಳಿಯುವ ಹಾಗೆ ಮಡಚಿ ತೆಗೆದೆವು. ಬಾಣಂತಿ ಕೋಣೆಯ ಬಾಗಿಲು ತೆರೆಯಿತು. ಉಮ್ಮ ಬರಿಗಾಲಲ್ಲಿ ಈಚೆಯಿಂದ ಆಚೆಗೆ ನಡೆದು, ಮತ್ತೆ ತಿರುಗಿ ಬಂದರು. ಇನ್ನೊಮ್ಮೆ ನಡೆದರು.

ನಲ್ವತ್ತಕ್ಕೆ ನಮ್ಮನ್ನೂ ಕರೆದಿದ್ದರು. ಬೂದಿ ಬಣ್ಣದ ತೇಪೆ ಇದ್ದ ಚಾವಡಿಯ ಮೇಲೆ ಉದ್ದಕ್ಕೂ ಚಾಪೆ ಹಾಸಿದ್ದರು. ಸುಳ್ಯದವರು ಅದರ ಮೇಲೆ ಕೂತು ಬಿರಿಯಾನಿ ಉಂಡರು. ನೆಲದ ವಿಷಯ ಯಾರೂ ಎತ್ತಲಿಲ್ಲ, ಹಾಜಿಯವರೇ ಎತ್ತಿದರು. ಬಂದವರಿಗೆಲ್ಲ ಆ ಹಸಿರುಗಟ್ಟಿದ ವಯರಿನ ಕಥೆ ಹೇಳಿ, ನಮ್ಮನ್ನು ತೋರಿಸಿದರು. ಜೊತೆಗಾರನಿಗೆ ಎರಡನೇ ಸಲ ಬಡಿಸಿದರು.

ಆದರೂ ನನ್ನ ಮನಸ್ಸು ಪೂರ್ತಿ ಹಗುರ ಆಗಿರಲಿಲ್ಲ. ಮೊದಲ ದಿನದ ಆ ಬಿಳಿ ಹಿಟ್ಟು, ಆ ಎರಡು ಸೀನು. ಕೇಳಿದರೆ ಅವರಿಗೂ ಹೆದರಿಕೆ ಆಗುತ್ತದೆ ಅಂತ ಕೇಳಿರಲಿಲ್ಲ.

ಸುಳ್ಯದ ಹತ್ತಿರ ಒಂದು ಹೊಸ ಮನೆಯಲ್ಲಿ ಕೆಲಸ ಮಾಡುತ್ತಿದ್ದಾಗ ಫೋನು ಬಂತು. ಹಾಜಿಯವರು ಮಂಗಳೂರಿನ ಆಸ್ಪತ್ರೆಯ ಹೊರಗೆ ನಿಂತು ಮಾತಾಡುತ್ತಿದ್ದರು. ಸುತ್ತ ಗಾಡಿಗಳ ಶಬ್ದ.

"ಮೇಸ್ತ್ರಿಗಳೇ, ಮಗುವನ್ನು ತೋರಿಸಿ ಆಯ್ತು. ಎದೆ ಕ್ಲಿಯರ್ ಉಂಟು ಅಂತೆ. ತೂಕವೂ ಏರಿದೆ. ಇನ್ನು ಹೆದರ್ಲಿಕ್ಕೆ ಎಂತದೂ ಇಲ್ಲ ಅಂತ ಡಾಕ್ಟರು ಹೇಳಿದ್ರು. ಮಗಳು ಮೊದಲು ನಿಮಗೆ ಹೇಳಿ ಅಂದ್ಲು."

ನಾನು "ಆಯ್ತು, ಒಳ್ಳೆದಾಯ್ತು" ಎಂದಷ್ಟೇ ಹೇಳಿದೆ. ಜೊತೆಗಾರನಿಗೆ ತಿಳಿಸಿದೆ. ಅವನು "ಅಲ್‌ಹಮ್ದುಲಿಲ್ಲಾ" ಎಂದು ಕೈಯಲ್ಲಿದ್ದ ಟೈಲ್ಸನ್ನು ಮೆಲ್ಲ ಗೋಡೆಗೆ ಒರಗಿಸಿ, ಬಾ ಎಂದು ತಲೆ ಅಲ್ಲಾಡಿಸಿದ. ಇಬ್ಬರೂ ಕೈ ತೊಳೆದು ರಸ್ತೆ ಬದಿಯ ಹೋಟೆಲಿಗೆ ಹೋದೆವು. ಊಟದ ಹೊತ್ತು ಇನ್ನೂ ಆಗಿರಲಿಲ್ಲ, ಅನ್ನ ಬೇಯುತ್ತಾ ಉಂಟು ಎಂದರು. ಪರವಾಗಿಲ್ಲ ಎಂದು ಬೆಂಚಿನಲ್ಲಿ ಕೂತು ಕಾದೆವು. ನನಗೆ ಹೊಟ್ಟೆ ಚೆನ್ನಾಗಿ ಹಸಿದಿತ್ತು, ಹಾಗೆ ಹಸಿವಾಗದೆ ಬಹಳ ದಿನ ಆಗಿತ್ತು.